ಕೆಂಪು ದೀಪಕ್ಕೆ ದಾರಿ ಬಿಡಿ

ಪೀರ್ ಸಾಬರ ಆ ದಿನದ ಪರದಾಟಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಕೆಂಪು ಗಾಜು.

ಹುಣಸೂರಿನ ಆಸ್ಪತ್ರೆಯ ಕಮಿಟಿಯವರು ಯಾರೋ ಮಾರಿದ ಜಟಕಾ ಒಂದನ್ನು ಕೊಂಡು, ಅದಕ್ಕೆ ಬಿಳಿ ಬಣ್ಣ ಹೊಡೆಸಿ, ಮುಂದುಗಡೆ ಈ ಗಾಜು ಕೂರಿಸಿದ ಲಾಂದ್ರ ತೂಗುಹಾಕಿ, ಪಕ್ಕಕ್ಕೆ ಹಿತ್ತಾಳೆಯ ಗಂಟೆ ಕಟ್ಟಿದ್ದರು. ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಊರಿನಿಂದ ಕಾಡಿನ ಅಂಚಿನವರೆಗೂ ತಮಟೆ ಹೊಡೆಸಿ ಸಾರಿಸಿಯೂ ಆಗಿತ್ತು. ಕೆಂಪು ದೀಪ ಹಚ್ಚಿಕೊಂಡು ಗಂಟೆ ಬಾರಿಸುತ್ತ ಬರುವ ಗಾಡಿ ಆಸ್ಪತ್ರೆಯದು. ಎದುರಿಗೆ ಬರುವವರು ಯಾರೇ ಆಗಲಿ ಎಡಕ್ಕೆ ಸರಿದು ನಿಲ್ಲತಕ್ಕದ್ದು. ಅದನ್ನು ಯಾರೂ ತಡೆಯಕೂಡದು. ದಾರಿಯಲ್ಲಿ ಕಾಯಿಲೆಯವರು ಕೈಯೊಡ್ಡಿದರೆ ನಿಲ್ಲಿಸಿ ಹತ್ತಿಸಿಕೊಳ್ಳತಕ್ಕದ್ದು. ರೋಗಿ ಇಲ್ಲದೆ ದೀಪ ಹಚ್ಚಿದವನಿಗೆ ಶಿಕ್ಷೆ.

ಇಂಥ ಗಾಡಿ ಹೊಡೆಯುವವನಿಗೆ ಗುಂಡಿಗೆ ಗಟ್ಟಿ ಇರಬೇಕು. ಪೀರ್ ಸಾಬರೋ, ಠಾಣೆಯ ಹಿತ್ತಲಲ್ಲಿ ಒಣಹಾಕಿದ ಪೊಲೀಸ್ ರುಮಾಲಿಗೂ ಸಲಾಂ ಹಾಕಿ ಮುಂದೆ ಹೋಗುವ ಮನುಷ್ಯ. ಗಾಡಿ ಕೈಗೆ ಬಂದಾಗಿನಿಂದ ಅವರು ಒಮ್ಮೆಯೂ ದೀಪ ಹಚ್ಚಿರಲಿಲ್ಲ. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿಟ್ಟಿದ್ದರು. ಎದುರಿಗೆ ಎಮ್ಮೆ ಬಂದರೂ ತಾವೇ ಪಕ್ಕಕ್ಕೆ ಸರಿದು, "ನೀನು ಹೋಗಮ್ಮ ತಾಯಿ" ಎಂದು ದಾರಿ ಬಿಟ್ಟು, ನಿಧಾನವಾಗಿ ರೋಗಿಗಳನ್ನು ಆಸ್ಪತ್ರೆ ಮುಟ್ಟಿಸುತ್ತಿದ್ದರು. ಅಷ್ಟರಲ್ಲಿ ಕೆಲವರಿಗೆ ಕಾಯಿಲೆಯೇ ವಾಸಿಯಾಗಿಬಿಡುತ್ತಿತ್ತು.

ಆ ದಿನ ಬೆಳಕು ಹರಿಯುತ್ತಿದ್ದಂತೆ ಬಾಗಿಲ ಮುಂದೆ ಒಬ್ಬ ಏದುಸಿರು ಬಿಡುತ್ತ ನಿಂತಿದ್ದ. ವೀರನಹೊಸಹಳ್ಳಿ ಪಕ್ಕದ, ಕಾಡುಜನರ ಹಾಡಿಯ ಮುತ್ತ. ಕಾಡಿನಿಂದ ಊರಿನವರೆಗೂ ಓಡಿಯೇ ಬಂದಿದ್ದ.

"ಸಾಬ್ರೇ, ನನ್ನೆಡ್ತಿ ಚೆನ್ನಿ ರಾತ್ರಿಯೆಲ್ಲ ನೋವು ತಿಂತಾವ್ಳೆ. ಕೂಸು ಅಡ್ಡ ತಿರುಗ್ಕಂಡದೆ. ನಮ್ಮವ್ವ ಜೋಗಮ್ಮ ಹಾಡೀಲೆಲ್ಲ ಎರಿಗೆ ಮಾಡ್ಸೋಳು, ಅವ್ಳೇ ಕೈಚೆಲ್ಲವ್ಳೆ. ಮದ್ಯಾನದೊಳಗೆ ಆಸ್ಪತ್ರೆ ಸೇರ್ದಿದ್ರೆ ಎರಡು ಜೀವನೂ ಇಲ್ಲ ಅಂದ್ಲು."

ಪೀರ್ ಸಾಬರು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಫಕ್ರುದ್ದೀನ್ ಬಾಯಿ ಹಾಕಿದ. ಪಾತ್ರೆಗೆ ಕಲಾಯಿ ಹಾಕುವುದು ಅವನ ಕಸುಬು; ಊರಿನವರ ವಿಷಯಕ್ಕೆ ಬಾಯಿ ಹಾಕುವುದು ಅವನ ಹವ್ಯಾಸ.

"ತಡಿ ಪೀರ್ ಭಾಯ್. ಇವತ್ತು ಮೈಸೂರಿಂದ ದೊಡ್ಡ ಡಾಕ್ಟ್ರು, ಇಂಗ್ಲಿಷ್ ದೊರೆ, ಬೇಟೆಗೆ ಬರ್ತಾ ಇದಾರೆ. ಮುಂದೆ ನಮ್ಮ ಅಮಲ್ದಾರ್ರ ಮೋಟಾರು, ಹಿಂದೆ ದೊರೆ ಮೋಟಾರು. ಆ ರಸ್ತೇಲಿ ಇರುವೇನೂ ಹರೀಬಾರ್ದು ಅಂತ ದಫೇದಾರ್ ಮಂಟಯ್ಯ ಲಾಠಿ ಹಿಡ್ಕೊಂಡು ನಿಂತವ್ನೆ. ನೀನು ನಾಳೆ ಹೋಗು."

"ಎರಿಗೆ ನಾಳೆಗಂಟ ನಿಂತ್ಕತದಾ ಸಾಬ್ರೇ?" ಎಂದ ಮುತ್ತ.

"ಅದೂ ಅಲ್ದೆ, ದೀಪ ಇರೋದು ರೋಗಿಗೆ. ಬಸುರಿ ರೋಗಿನಾ? ಮೊದ್ಲು ಯಾರಾದ್ರೂ ತಿಳಿದೋರನ್ನ ಕೇಳ್ಬೇಕು."

"ತಿಳಿದೋಳು ಇಲ್ಲಿದ್ದೀನಿ, ನನ್ನ ಕೇಳಿ!" ಎನ್ನುತ್ತ ಪೀರ್ ಸಾಬರ ಹೆಂಡತಿ ಬಷೀರಾಬಿ ಹೊರಗೆ ಬಂದಳು. "ಹೆತ್ತೋಳಿಗೆ ಗೊತ್ತು ಅದು ರೋಗನಾ ಸಾವಾ ಅಂತ. ಅಲ್ಲೊಂದು ಹೆಣ್ಣು ಒದ್ದಾಡ್ತಾ ಇದೆ, ಇಲ್ಲಿ ಗಂಡಸ್ರು ನಿಂತ್ಕೊಂಡು ಕಾಯ್ದೆ ಮಾತಾಡ್ತಾರಂತೆ! ಗಾಡಿ ಕಟ್ತೀರೋ, ನಾನೇ ಲಗಾಮು ಹಿಡೀಲೋ?"

ಪೀರ್ ಸಾಬರು ದಫೇದಾರನಿಗೆ ಹೆದರುತ್ತಿದ್ದುದು ನಿಜ. ಆದರೆ ದಫೇದಾರ ದೂರದಲ್ಲಿದ್ದ, ಬಷೀರಾಬಿ ಹತ್ತಿರದಲ್ಲಿದ್ದಳು. ಗಾಡಿ ಹೊರಟಿತು.

ಹಾಡಿಯಲ್ಲಿ ಗಂಡಸರ ಸುಳಿವೇ ಇರಲಿಲ್ಲ. ಮರದ ಮೇಲೆ ಕಟ್ಟಿದ ಮಂಚಿಗೆಯಲ್ಲಿ ಕೂತ ದೊರೆಗೆ ಗುಂಡು ಹಾರಿಸಲು ಹುಲಿ ಬೇಕು, ಆ ಹುಲಿಯನ್ನು ಪೊದೆಯಿಂದ ಎಬ್ಬಿಸಿ ಓಡಿಸಲು ಹಾಡಿಯವರ ಬರಿಮೈ ಬೇಕು. ಅಷ್ಟೂ ಜನರನ್ನು ಮುಂಜಾನೆಯೇ ಅಟ್ಟಿಕೊಂಡು ಹೋಗಿದ್ದರು. ಆ ಸೀಮೆಯಲ್ಲಿ ಕಾಡು ಸರ್ಕಾರದ್ದು, ಕಾಡಿಗೆ ಹೋಗುವ ರಸ್ತೆ ಸರ್ಕಾರದ್ದು. ರಸ್ತೆ ಪಕ್ಕದ ಮುಳ್ಳು ಮಾತ್ರ ಹಾಡಿಯವರದ್ದು. ಮೋಟಾರು, ಕುದುರೆ, ಗೌಡರ ಕಮಾನು ಗಾಡಿ, ಏನು ಬಂದರೂ ಅವರು ಆ ಮುಳ್ಳಿನ ಮೇಲೆ ನಿಲ್ಲಬೇಕು.

ಹೆಂಗಸರೇ ಚೆನ್ನಿಯನ್ನು ಎತ್ತಿ ಗಾಡಿಯೊಳಗೆ ಮಲಗಿಸಿದರು. ಜೋಗಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, "ಸಾಬಣ್ಣ, ದೀಪ ಹಚ್ಚು," ಎಂದಳು.

"ಅವ್ವಾ, ದೀಪ ಇಲ್ದೇನೂ ಹೋಗ್ಬಹುದು..."

"ಇವಳ ಮೊಕ ನೋಡಿ ಆ ಮಾತೇಳು."

ಪೀರ್ ಸಾಬರು ನೋಡಿದರು. ಚೆನ್ನಿಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರು ಕಡ್ಡಿ ಗೀರಿ ದೀಪ ಹಚ್ಚಿದರು, ಗಂಟೆಯ ಬಟ್ಟೆ ಬಿಚ್ಚಿದರು, ಮೊತ್ತಮೊದಲ ಬಾರಿಗೆ ಬಾರಿಸಿದರು.

ಕೂಡಲೇ ಕುದುರೆ ಕುಣಿಯತೊಡಗಿತು.

ಕಮಿಟಿಯವರು ಕೊಳ್ಳುವಾಗ ಕುದುರೆ ಗುಲಾಬಿಯ ಹಲ್ಲು ನೋಡಿದ್ದರು, ಗೊರಸು ನೋಡಿದ್ದರು; ಹಿಂದಿನ ಕಸುಬು ಕೇಳಿರಲಿಲ್ಲ. ಗುಲಾಬಿ ಹುಟ್ಟಿದಾಗಿನಿಂದ ಮದುಮಕ್ಕಳನ್ನು ಹೊತ್ತು ಮೆರವಣಿಗೆ ಮಾಡಿದ ಕುದುರೆ. ಗಂಟೆ ಬಡಿದರೆ ವಾದ್ಯ ಶುರುವಾಯಿತೆಂದೇ ಅದರ ತಿಳಿವಳಿಕೆ. ಕತ್ತು ಬಾಗಿಸಿ, ಮುಂಗಾಲೆತ್ತಿ, ಹೆಜ್ಜೆಗೊಮ್ಮೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆದೂಗಿ, ಹೆಣ್ಣಿನ ಮನೆಯವರು ಆರತಿ ತರಲೆಂದು ಕಾಯುವ ಠೀವಿಯಲ್ಲಿ ನಡೆಯತೊಡಗಿತು.

"ಇದೇನ್ ಸಾಬಣ್ಣ! ನಾವೇನು ಗಂಡು ಕರ್ಕಂಡು ಓಯ್ತಿದ್ದೀವಾ?" ಜೋಗಮ್ಮ ಕೂಗಿದಳು.

ಗಂಟೆ ನಿಲ್ಲಿಸಿದರೆ ಕುದುರೆ ನೆಟ್ಟಗೆ ಓಡುತ್ತದೆ. ಆದರೆ ಗಂಟೆ ಇಲ್ಲದ ಗಾಡಿಗೆ ಯಾರೂ ದಾರಿ ಬಿಡಬೇಕಾಗಿಲ್ಲ. ಗಂಟೆ ಬಾರಿಸಿದರೆ ದಾರಿ ಸಿಗುತ್ತದೆ; ಆದರೆ ಸಿಕ್ಕಿದ ದಾರಿಯಲ್ಲಿ ಕುದುರೆ ಮದುವೆಗೆ ಹೊರಡುತ್ತದೆ. ಪೀರ್ ಸಾಬರು ಹಣೆ ಹಣೆ ಚಚ್ಚಿಕೊಂಡರು. ಮುತ್ತ ಲಾಂದ್ರವನ್ನು ಬಿಚ್ಚಿ ಎಡಗೈಯಲ್ಲಿ ಹಿಡಿದ, ಗಂಟೆಯನ್ನು ಕಿತ್ತು ಬಲಗೈಯಲ್ಲಿ ಹಿಡಿದ, ಗಾಡಿಯ ಮುಂದೆ ಓಡಿದ. ಕುದುರೆಗೆ ಸದ್ದು ಕೇಳಿಸದಷ್ಟು ದೂರ ಹೋದ ಮೇಲೆ ಬಾರಿಸತೊಡಗಿದ.

ಆಗ ಆ ರಸ್ತೆ ಹಿಂದೆಂದೂ ಕಾಣದ್ದನ್ನು ಕಂಡಿತು. ಮರದ ದಿಮ್ಮಿ ಹೇರಿದ್ದ ಕಂಟ್ರಾಕ್ಟರನ ಗಾಡಿಗಳು ಸಾಲಾಗಿ ಎಡಕ್ಕೆ ಸರಿದವು. ಬಿಳಿ ಪೇಟದ ಗೌಡರೊಬ್ಬರು ಕುದುರೆಯಿಂದಿಳಿದು ಕತ್ತಾಳೆ ಬೇಲಿಗೆ ಒರಗಿ ನಿಂತರು. ಹುಟ್ಟಿದಾಗಿನಿಂದ ಎಲ್ಲರಿಗೂ ದಾರಿ ಬಿಟ್ಟುಕೊಂಡು ಬಂದವನು, ಬರಿಗಾಲಿನವನು, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿದವನು, ನಡುರಸ್ತೆಯಲ್ಲಿ "ದಾರೀ! ದಾರೀ!" ಎನ್ನುತ್ತ ಓಡುತ್ತಿದ್ದ, ಪೇಟಗಳೆಲ್ಲ ಮುಳ್ಳಿನ ಮೇಲೆ ನಿಂತು ನೋಡುತ್ತಿದ್ದವು.

ನಡುವೆ ಒಬ್ಬಳು ಮುದುಕಿ ಕೈ ಅಡ್ಡ ಹಿಡಿದಳು. ಚಿಕ್ಕಬೀರಮ್ಮ. ಹಲ್ಲುನೋವಿಗೆ ಅವಳ ಕೆನ್ನೆ ಬೂದುಗುಂಬಳವಾಗಿತ್ತು.

"ಅವ್ವಾ, ಈಗ ಬೇಡ, ಇಲ್ಲಿ ಹೆರಿಗೆ..." ಎಂದರು ಪೀರ್ ಸಾಬರು.

"ತಮಟೆಯವ್ನು ನಮ್ಮೂರಲ್ಲೂ ಸಾರವ್ನೆ ಕಣಪ್ಪ. ಕೈ ತೋರ್ಸುದ್ರೆ ಅತ್ತುಸ್ಕಬೇಕು," ಎಂದು ಚಿಕ್ಕಬೀರಮ್ಮ ಹತ್ತಿಯೇಬಿಟ್ಟಳು. ಹತ್ತಿದವಳು ಸುಮ್ಮನೆ ಕೂರದೆ ಚೆನ್ನಿಯ ಅಂಗಾಲು ತಿಕ್ಕತೊಡಗಿದಳು.

ಮುಂದೆ ಕೆರೆ ಏರಿ. ಒಂದು ಗಾಡಿಗಷ್ಟೇ ಸರಿಯಾದ ಅಗಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಉತ್ತು ಕಲಸಿದ ಗದ್ದೆ. ಏರಿಯ ತುದಿಯಲ್ಲಿ ದಫೇದಾರ್ ಮಂಟಯ್ಯ ಕಾಲಗಲಿಸಿ ನಿಂತಿದ್ದ.

"ಏಯ್ ನಿಲ್ಲೋ! ಯಾರ್ಲಾ ನೀನು, ಆಡಗಲೇ ದೀಪ ಇಡ್ಕಂಡು ಓಡ್ತಿರೋನು?"

"ಆಸ್ಪತ್ರೆ ಗಾಡಿ ಬುದ್ಧಿ!" ಎಂದ ಮುತ್ತ.

"ಗಾಡಿ ಎಲ್ಲದೆ?"

"ಹಿಂದ್ಗಡೆ ಬತ್ತಾ ಅದೆ."

"ದೀಪ ಇಲ್ಲಿ, ಗಾಡಿ ಅಲ್ಲಿ! ದೀಪ ಗಾಡಿ ಮೇಲಿರಬೇಕು ಕಣ್ಲಾ!"

ಅಷ್ಟರಲ್ಲಿ ಗಾಡಿಯೂ ಬಂದು ನಿಂತಿತು. ಜೋಗಮ್ಮ ತಲೆ ಹೊರಗೆ ಹಾಕಿದಳು. "ದಫೇದಾರಪ್ಪ, ನಿನ್ನ ಸರ್ಕಾರ ಎಲ್ಲದೆ? ಮೈಸೂರಲ್ಲಿ. ನೀನೆಲ್ಲಿದ್ದೀಯೆ? ಕೆರೆ ಏರಿ ಮ್ಯಾಲೆ. ಸರ್ಕಾರ ಅಷ್ಟು ದೂರ ಇದ್ರೂ ನಿನ್ನ ಲಾಠಿ ನಡೀತದೆ. ನಮ್ಮ ದೀಪ ನಾಕು ಮಾರು ಮುಂದಿದ್ರೆ ನಡಿಯಾಕಿಲ್ವಾ?"

ಮಂಟಯ್ಯ ಈ ಲೆಕ್ಕವನ್ನು ಹಿಂದೆ ಕೇಳಿರಲಿಲ್ಲ. ಮೀಸೆ ತಿರುವಿ ಬೇರೆ ದಾರಿ ಹಿಡಿದ. "ಒಳಗಿರೋಳು ಬಸುರಿ. ಬಸುರಿ ರೋಗಿ ಅಲ್ಲ. ರೋಗಿ ಇಲ್ದೆ ದೀಪ ಹಚ್ಚಿದ್ರೆ ಶಿಕ್ಷೆ. ಏನ್ ಸಾಬಿ, ಇಳೀತೀಯೋ?"

ಪೀರ್ ಸಾಬರು ಇಳಿಯಲು ಒಂದು ಕಾಲು ಕೆಳಗಿಟ್ಟೇಬಿಟ್ಟರು. ಆಗ ಚಿಕ್ಕಬೀರಮ್ಮ ಇಳಿದುಬಂದು ಮಂಟಯ್ಯನ ಮೂಗಿನ ಮುಂದೆ ಬಾಯಿ ಆ ಎಂದು ತೆರೆದಳು. "ಬಗ್ಗಿ ನೋಡಪ್ಪ. ಚೆಂದಾಗಿ ನೋಡು. ಇದು ರೋಗವೋ, ಬಸುರೋ?"

ಮಂಟಯ್ಯ ಬಗ್ಗಲಿಲ್ಲ. ಬಗ್ಗುವ ಅಗತ್ಯವೂ ಇರಲಿಲ್ಲ, ಕೀವಿನ ವಾಸನೆಯೇ ಬಂದು ಸಾಕ್ಷಿ ಹೇಳಿತು. ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದ. ಚಿಕ್ಕಬೀರಮ್ಮ ಮತ್ತೆ ಹತ್ತಿಕೊಂಡಳು, ಗಾಡಿ ಏರಿಗೆ ಏರಿತು.

ಅದೇ ಹೊತ್ತಿಗೆ ಏರಿಯ ಆ ತುದಿಯಲ್ಲಿ ಪೋಂ ಪೋಂ ಎಂದಿತು. ಅಮಲ್ದಾರರ ಮೋಟಾರು. ಅದರ ಹಿಂದೆ ದೊರೆಯ ಮೋಟಾರು. ಎರಡೂ ಏರಿಯ ಮೇಲೆ ಬಂದೇಬಿಟ್ಟವು.

ಮೋಟಾರು ಕಂಡಾಗ ಎಡಕ್ಕೆ ಎಳೆಯುವುದು ಪೀರ್ ಸಾಬರ ಕೈಗೆ ಎಷ್ಟು ಅಭ್ಯಾಸವೆಂದರೆ, ಮನಸ್ಸಿಗೆ ತಿಳಿಯುವ ಮೊದಲೇ ಕೈ ಎಳೆದುಬಿಡುತ್ತಿತ್ತು. ಅವರ ಕೈ ಲಗಾಮನ್ನು ಬಿಗಿಹಿಡಿಯಿತು. ಹಿಂದಿನಿಂದ ಚೆನ್ನಿಯ ನರಳಾಟ ಕೇಳಿಸಿತು. ಕೂಗಲು ಶಕ್ತಿಯಿಲ್ಲದ, ಬಾವಿಯ ತಳದಿಂದ ಬಂದಂಥ ಸದ್ದು. ಪೀರ್ ಸಾಬರ ಕೈ ಅಲ್ಲೇ ನಿಂತಿತು. ಎಡಕ್ಕೆ ಎಳೆಯಲಿಲ್ಲ. ಯಾವ ಹೊಟ್ಟೆಯೊಳಗಿನಿಂದ ಬಂತೋ, ಸಿಡಿಲಿನಂಥ ದನಿಯೊಂದು ಹೊರಟಿತು: "ಆಸ್ಪತ್ರೆ ಗಾಡಿ! ಎಡಕ್ಕೆ! ಎಡಕ್ಕೆ ಸರೀರಿ!"

ಮುಂದೆ ಮುತ್ತ ದೀಪವನ್ನು ತಲೆಯ ಮೇಲೆತ್ತಿ ಗಂಟೆ ಬಡಿಯುತ್ತ ಮೋಟಾರಿನ ಮೂತಿಗೇ ಓಡಿದ.

"ನುಗ್ಗಿಸೋ! ಏನು ನೋಡ್ತೀಯ?" ಅಮಲ್ದಾರರು ಒಳಗಿನಿಂದ ಅಬ್ಬರಿಸಿದರು.

ಡ್ರೈವರ್ ಸರ್ದಾರ್ ಪಾಷಾ ಹುಣಸೂರಿನವನೇ. "ಹುಜೂರ್, ಕೆಂಪು ದೀಪ. ತಮಟೆ ಹೊಡೆಸಿದ್ದು ತಾವೇ ಅಲ್ವಾ?" ಎನ್ನುತ್ತ ಬಲು ವಿನಯದಿಂದ ಚಕ್ರವನ್ನು ಎಡಕ್ಕೆ ತಿರುಗಿಸಿದ. ಮೋಟಾರು ಏರಿಯ ಇಳಿಜಾರಿನಲ್ಲಿ ಜಾರಿ, ಗದ್ದೆಗಿಳಿದು, ಹೊಟ್ಟೆಯ ತನಕ ಕೆಸರಿನಲ್ಲಿ ಕೂತಿತು. ಎಮ್ಮೆಯಷ್ಟೇ ನೆಮ್ಮದಿಯಾಗಿ.

ಹಿಂದಿದ್ದ ದೊರೆ ತನ್ನ ಮೋಟಾರನ್ನು ಏರಿಯಾಚೆಗೆ ಹಿಮ್ಮೆಟ್ಟಿಸಿ, ಪಕ್ಕಕ್ಕೆ ನಿಲ್ಲಿಸಿ, ಇಳಿದು ಟೋಪಿ ತೆಗೆದು ನಿಂತ. ಡಾಕ್ಟರಲ್ಲವೇ, ಗಾಡಿಯೊಳಗೆ ಒಮ್ಮೆ ನೋಡಿದವನಿಗೆ ಎಲ್ಲ ತಿಳಿಯಿತು. "ಹೋಗಿ, ಬೇಗ ಹೋಗಿ" ಎಂದು ಕೈಬೀಸಿದ. ಆಮೇಲೆ ಗದ್ದೆಯಲ್ಲಿದ್ದ ಅಮಲ್ದಾರರ ಕಡೆ ತಿರುಗಿ, "ಶಾಬಾಶ್! ರೋಗಿಗಾಗಿ ಅಮಲ್ದಾರರೇ ಕೆಸರಿಗಿಳಿಯುವ ರಾಜ್ಯ ಇನ್ನೆಲ್ಲಿದೆ!" ಎಂದು ಇಂಗ್ಲಿಷಿನಲ್ಲಿ ಹೊಗಳಿದ. ಅಮಲ್ದಾರರು ಕೆಸರಿನಲ್ಲೇ ಬಗ್ಗಿ ವಂದಿಸಿದರು.

ಸೂರ್ಯ ನೆತ್ತಿಗೇರುವ ಮೊದಲೇ ಗಾಡಿ ಆಸ್ಪತ್ರೆ ಮುಟ್ಟಿತು. ಪೀರ್ ಸಾಬರು ಅಂಗಳದ ಬೇವಿನ ಮರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಗೊತ್ತಿದ್ದ ದುವಾಗಳನ್ನೆಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದ್ದರು. ಒಳಗಿನಿಂದ ಒಂದು ಅಳು ಕೇಳಿಸಿತು. ಸಣ್ಣದಲ್ಲ, ಇಡೀ ಓಣಿಗೆ ದಾರಿ ಬಿಡಿ ಎಂದು ಕೂಗುವಂಥ ಅಳು. ಆಸ್ಪತ್ರೆಯ ಸೂಲಗಿತ್ತಿ ಮಂಗಳಗೌರಿ ಬಾಗಿಲಿಗೆ ಬಂದು, "ಹೆಣ್ಣು ಮಗು. ತಾಯೀನೂ ಉಳಿದ್ಲು. ಇನ್ನೊಂದು ಗಳಿಗೆ ತಡ ಮಾಡಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ ಕಣ್ರೀ," ಎಂದಳು.

ಜೋಗಮ್ಮ ಪೀರ್ ಸಾಬರ ಗಲ್ಲ ಹಿಡಿದು ನೆಟಿಗೆ ಮುರಿದಳು. ಮುತ್ತ ಹೆಂಡತಿಯ ಮುಖ ನೋಡಿ, ಮಗುವಿನ ಕಾಲು ಮುಟ್ಟಿ, ಹಾಡಿಗೆ ಸುದ್ದಿ ಮುಟ್ಟಿಸಲು ಬಂದ ವೇಗದಲ್ಲೇ ವಾಪಸು ಓಡಿದ. ಸಂತೆಪೇಟೆಯ ಜನ ಪೀರ್ ಸಾಬರನ್ನು ಎತ್ತಿ ಭುಜದ ಮೇಲೆ ಕೂರಿಸಿಕೊಂಡರು. "ನಾನೇ ಕಣ್ರೀ ಹೋಗು ಅಂದಿದ್ದು," ಎಂದು ಫಕ್ರುದ್ದೀನ್ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಬಷೀರಾಬಿ ಗಂಡನ ತಟ್ಟೆಗೆ ಕೇಳದೆಯೇ ತುಪ್ಪ ಸುರಿದಳು.

ಆ ತುಪ್ಪ ಬೆರಳಿನಿಂದ ಆರುವ ಮೊದಲೇ ಓಣಿಯಲ್ಲಿ ಮೋಟಾರಿನ ಸದ್ದಾಯಿತು. ಎಮ್ಮೆಗಳಿಂದ ಎಳೆಸಿಕೊಂಡು ಗದ್ದೆಯಿಂದ ಮೇಲೆದ್ದ ಅಮಲ್ದಾರರು, ಬೇರೆ ಕೋಟು ಹಾಕಿಕೊಂಡು ಬಂದಿದ್ದರು. ಜನ ಚದುರಿದರು. ಪೀರ್ ಸಾಬರು ಜೈಲಿಗೆ ಯಾವ ಕಂಬಳಿ ಒಯ್ಯಬೇಕೆಂದು ಯೋಚಿಸುತ್ತ ಕೈಮುಗಿದು ನಿಂತರು.

"ಏನಯ್ಯಾ," ಅಮಲ್ದಾರರ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. "ಈ ದೀಪಕ್ಕೆ ಎಲ್ಲಾರೂ ದಾರಿ ಬಿಟ್ರಂತೆ? ಕಂಟ್ರಾಕ್ಟರೂ? ಗೌಡ್ರೂ?"

"ಬಿಟ್ರು ಹುಜೂರ್."

"ನನ್ನ ಹಾರನ್ನಿಗೆ ಕತ್ತೇನೂ ಅಲ್ಲಾಡಲ್ಲ. ಇನ್ನು ಈ ದೀಪ, ಗಂಟೆ ನನ್ನ ಮೋಟಾರಿಗೆ ಇರಲಿ. ಯಾರಲ್ಲಿ, ಕಲಾಯಿಯವನನ್ನ ಕರೀರಿ."

"ಹುಜೂರ್, ರೋಗಿ ಇಲ್ದೆ ದೀಪ ಹಚ್ಚೋ ಹಾಗಿಲ್ವಲ್ಲ..." ಪೀರ್ ಸಾಬರಿಗೆ ಬೆಳಗಿನ ಧೈರ್ಯದ ಬಾಲ ಇನ್ನೂ ಉಳಿದಿತ್ತು.

"ಇಡೀ ತಾಲ್ಲೂಕೇ ನನಗೆ ತಲೆನೋವು ಕಣಯ್ಯಾ. ನಾನೇ ರೋಗಿ."

ಫಕ್ರುದ್ದೀನ್ ಲಾಂದ್ರವನ್ನು ಮೋಟಾರಿನ ಮೂತಿಯ ಮೇಲೆ ಬೆಸೆದ. ದೀಪ ಕಳೆದುಕೊಂಡ ಆಸ್ಪತ್ರೆ ಗಾಡಿಗೆ ಆ ಸಂಜೆ ಸಿಕ್ಕಿದ ಕೆಲಸ ಸಾಮಾನು ಹೊರುವುದು. ದೊರೆಯ ಊಟಕ್ಕೆ ಕೋಳಿಪಂಜರ, ಕೂರಲು ಕುರ್ಚಿ, ಮಲಗಲು ಹಾಸಿಗೆ. ಮೋಟಾರು ಗಂಟೆ ಬಾರಿಸುತ್ತ ಧೂಳೆಬ್ಬಿಸಿ ಮುಂದೆ ಹೋಯಿತು. ಆ ಧೂಳು ನುಂಗುತ್ತ ಪೀರ್ ಸಾಬರು ಹಿಂದೆ ಹೊರಟರು.

ಅವರು ವೀರನಹೊಸಹಳ್ಳಿ ತಲುಪಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಬೇಟೆ ಬಂಗಲೆಯ ತಿರುವಿನಲ್ಲಿ ಜಾತ್ರೆಯಂತೆ ಜನ. ನಡುವೆ ಅಮಲ್ದಾರರ ಮೋಟಾರು ನಿಂತಿತ್ತು. ಅದರ ಮುಂದೆ ಚಳಿಜ್ವರದಿಂದ ನಡುಗುತ್ತಿದ್ದ ಮರಮ್ಮ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳ ಹಿಂದೆ, ಹಂದಿ ಗುದ್ದಿ ಕಾಲು ಮುರಿದಿದ್ದ ಕರಿಯಪ್ಪ. ಅವನ ಹಿಂದೆ, ದೊರೆಯ ಬೇಟೆಗೆ ಪೊದೆ ಬಡಿದು ಮೈಯೆಲ್ಲ ಹರಿಸಿಕೊಂಡಿದ್ದ ಹಾಡಿಯ ಗಂಡಸರ ಸಾಲು. ಸಾಲಿನ ಪಕ್ಕದಲ್ಲಿ ಮುತ್ತ.

"ಇದು ನನ್ನ ಮೋಟಾರು ಕಣ್ರೋ!" ಅಮಲ್ದಾರರು ಕೂಗುತ್ತಿದ್ದರು.

"ಮೋಟಾರು ಯಾರ್ದಾದ್ರೂ ಆಗ್ಲಿ ಬುದ್ಧಿ, ದೀಪ ಆಸ್ಪತ್ರೇದಲ್ವಾ?" ಎಂದಳು ಮರಮ್ಮ, ಹಲ್ಲು ಕಟಕಟಿಸುತ್ತ. "ಕೈ ತೋರ್ಸಿದ್ದೀನಿ. ಅತ್ತುಸ್ಕಳಿ."

ಅಮಲ್ದಾರರು ಮಂಟಯ್ಯನನ್ನು ಕೂಗಲು ಬಾಯಿ ತೆರೆದರು. ಅಷ್ಟರಲ್ಲಿ ಬಂಗಲೆಯ ಮೆಟ್ಟಿಲಿಳಿದು ದೊರೆ ಬಂದ. ದೀಪ ನೋಡಿದ, ಸಾಲು ನೋಡಿದ, ಕರಿಯಪ್ಪನ ಕಾಲು ಮುಟ್ಟಿ ನೋಡಿದ. ಮುಖವೆಲ್ಲ ಅರಳಿತು. "ಬೆಳಿಗ್ಗೆ ದಾರಿ ಬಿಟ್ಟಿರಿ, ಸಂಜೆಗೆ ಮೋಟಾರನ್ನೇ ಬಿಟ್ಟುಕೊಟ್ಟಿರಾ! ಇದು ಒಂದು ದಿನದ ಮಾತಾಗಬಾರದು, ಅಮಲ್ದಾರರೇ. ಮೈಸೂರಿಗೆ ಹೋಗಿ ನಾನೇ ಹೇಳುತ್ತೇನೆ. ಇನ್ನು ಇದು ಆಸ್ಪತ್ರೆಯ ಮೋಟಾರು!"

ಅಮಲ್ದಾರರು ತೆರೆದ ಬಾಯನ್ನು ನಗುವಿಗೆ ತಿರುಗಿಸಿಕೊಂಡರು. ಮರಮ್ಮ ಮೆತ್ತೆಯ ಮೇಲೆ ಕೂತಳು. ಕರಿಯಪ್ಪ ಕಾಲು ಚಾಚಿದ. ಹಿಡಿಸಿದಷ್ಟು ಜನ ಸಂದುಗೊಂದುಗಳಲ್ಲಿ ತುಂಬಿಕೊಂಡರು. ಮುತ್ತ ಪಾವಟಿಗೆಯ ಮೇಲೆ ನಿಂತು ಗಂಟೆ ಹಿಡಿದ. ಸರ್ದಾರ್ ಪಾಷಾ ಮೋಟಾರನ್ನು ಹುಣಸೂರಿನ ಕಡೆಗೆ ತಿರುಗಿಸಿದ.

ಗಾಡಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಪೀರ್ ಸಾಬರ ಎದೆ ಉಬ್ಬಿತು. ಉಬ್ಬಿದ್ದು ಪೂರ್ತಿ ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಡಿ ಒಮ್ಮೆ ಹಿಂದಕ್ಕೆ ಜಗ್ಗಿತು. ತಿರುಗಿ ನೋಡಿದರೆ, ಕೋಳಿಪಂಜರವನ್ನು ಸರಿಸಿ ಅಮಲ್ದಾರರು ಹತ್ತಿ ಕೂತಿದ್ದರು.

"ನಾಳೆಯಿಂದ ಬೆಳಿಗ್ಗೆ, ಸಂಜೆ ನಮ್ಮ ಮನೆ ಮುಂದೆ ಗಾಡಿ ತಂದು ನಿಲ್ಲಿಸು," ಎಂದರು ಅವರು, ಹಲ್ಲು ಕಚ್ಚಿಕೊಂಡು. "ಆಸ್ಪತ್ರೆಗೆ ಮೋಟಾರು ಸಿಕ್ತಲ್ಲ, ಇನ್ನು ನಿನಗೆ ಅಲ್ಲೇನು ಕೆಲಸ? ನಿನ್ನ ಕೆಲಸ ಎಲ್ಲಾ ನನ್ನ ಜೊತೆ."

ಎದುರಿನಿಂದ ಗಂಟೆ ಮೊಳಗಿತು, ಕೆಂಪು ದೀಪ ಹೊರಟಿತು.

"ಗಾಡಿ ಎಡಕ್ಕೆ! ಎಡಕ್ಕೆ!" ದಫೇದಾರ್ ಮಂಟಯ್ಯ ಲಾಠಿ ಬೀಸಿದ. ಒಳಗೆ ಕೂತವರು ಯಾರೆಂದು ಆಮೇಲೆ ಕಂಡು ಅವನ ಮೀಸೆ ಇಳಿಬಿತ್ತು. ಆದರೆ ದೊರೆ ನೋಡುತ್ತಿದ್ದ, ಬೀಸಿದ ಲಾಠಿಯನ್ನು ಹಿಂದಕ್ಕೆ ತರುವಂತಿರಲಿಲ್ಲ. ಪೀರ್ ಸಾಬರು ಲಗಾಮು ಎಳೆದರು. ಗಂಟೆಗೆ ತಲೆದೂಗುತ್ತಲೇ ಗುಲಾಬಿ ತಿರುಗಿತು, ಗಾಡಿ ವಾಲಿಕೊಂಡು ಚರಂಡಿಗಿಳಿಯಿತು. ಅಮಲ್ದಾರರು ಕೋಳಿಪಂಜರವನ್ನು ತಬ್ಬಿಕೊಂಡರು. ಅವರ ಮೋಟಾರು, ಅವರ ಮೆತ್ತೆ, ಅವರ ಪೆಟ್ರೋಲು, ಹಾಡಿಯವರನ್ನು ತುಂಬಿಕೊಂಡು ನಡುರಸ್ತೆಯಲ್ಲಿ ಠೀವಿಯಿಂದ ಸಾಗಿಹೋಯಿತು.

ಧೂಳು ಇಳಿಯಿತು. ಅಮಲ್ದಾರರು ತಲೆಯ ಮೇಲಿನ ಕೋಳಿಪುಕ್ಕ ಕಿತ್ತೆಸೆದು, "ಹೋಯ್ತಲ್ಲ, ಇನ್ನು ರಸ್ತೆಗೆ ಹತ್ತಿಸೋ," ಎಂದರು.

"ಅಲ್ಲೇ ಇರಿ ಬುದ್ಧಿ," ಕುಂಟುತ್ತ ಬಂದು ರಸ್ತೆ ಪಕ್ಕ ಕಾದಿದ್ದ ಇನ್ನೊಂದು ಸಾಲಿನಿಂದ ಯಾರೋ ಕೂಗಿ ಹೇಳಿದರು. "ನಾವಿನ್ನೂ ಉಳ್ಕಂಡಿದ್ದೀವಿ. ಅದು ಮತ್ತೆ ಬತ್ತದೆ."